ತಟ್ಟಮ್ಮ ತಟ್ಟಿದ ನೆಲ

ಹುಟ್ಟಿದಾಗ ಇಟ್ಟ ಹೆಸರು ಆಕೆಯ ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಊರಿಗೆಲ್ಲ ಆಕೆ ತಟ್ಟಮ್ಮ. ಕಟ್ಟಡ ಕಚೇರಿಯಲ್ಲಿ ಪರಿವೀಕ್ಷಕಿ. ಯಾರಾದರೂ ಮನೆ ಕಟ್ಟಿದರೆ, ಇದ್ದ ಮನೆಗೊಂದು ಕೋಣೆ ಸೇರಿಸಿದರೆ, ಹೋಗಿ ನೋಡಿ, ‘ಇದು ನಿಮ್ಮ ತಲೆಯ ಮೇಲೆ ಬೀಳುವುದಿಲ್ಲ’ ಎಂದು ಸಹಿ ಹಾಕುವುದು ಆಕೆಯ ಕೆಲಸ. ಹಿಂದಿನ ಕಾಲದ ವೀರರು ಗದೆ ಹೊತ್ತು ದಿಗ್ವಿಜಯಕ್ಕೆ ಹೊರಡುತ್ತಿದ್ದರಂತೆ. ತಟ್ಟಮ್ಮ ಗೇಣುದ್ದದ ಸುತ್ತಿಗೆಯನ್ನು ಕೈಚೀಲಕ್ಕೆ ಹಾಕಿಕೊಂಡು, ತಲೆಗೆ ಹಳದಿ ಟೋಪಿ ಏರಿಸಿ, ಕೆಮ್ಮುವ ಸ್ಕೂಟರಿನ ಮೇಲೆ ಹೊರಡುತ್ತಿದ್ದಳು. ಆ ಕೆಮ್ಮು ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ಇಟ್ಟಿಗೆ ರಾಶಿಯ ಮೇಲೆ ಕೂತು ಹರಟುತ್ತಿದ್ದ ಮೇಸ್ತ್ರಿಗಳು ದಿಗ್ಗನೆ ಎದ್ದು, ಗೋಡೆಯ ನೇರ ನೋಡುವ ತೂಗುಗುಂಡು ಇಳಿಬಿಟ್ಟು, ಗೋಡೆಯನ್ನು ಹೆತ್ತ ಮಗುವನ್ನು ನೋಡುವಂತೆ ನೋಡತೊಡಗುತ್ತಿದ್ದರು.

ಒಳಗೆ ಬಂದವಳು ಮಾತಾಡುತ್ತಿರಲಿಲ್ಲ. ನೇರವಾಗಿ ಗೋಡೆಯ ಹತ್ತಿರ ಹೋಗಿ ತಟ್ಟುವಳು. ಟಕ್ ಟಕ್. ಉಸಿರು ಹಿಡಿದು ಕಾಯುವಳು. ಆಮೇಲೆ ಇನ್ನೊಂದು, ಟಕ್. ಕಿವಿ ಗೋಡೆಗೆ ಆನಿಸಿಯೇ ಇರುತ್ತಿತ್ತು. ಎಲ್ಲ ಸರಿಯಿದ್ದರೆ ಸುತ್ತಿಗೆಯನ್ನು ಚೀಲಕ್ಕೆ ಸೇರಿಸಿ, ಅಂಗೈಯಿಂದ ಗೋಡೆಗೆ ಮೆತ್ತಗೆ ಒಂದು ಏಟು ಕೊಡುವಳು. ಕರುವಿನ ಬೆನ್ನು ಚಪ್ಪರಿಸಿದ ಹಾಗೆ. ಆ ಏಟು ಬಿತ್ತೆಂದರೆ ಪಾಸು.

“ಗೋಡೆಗೂ ಕಿವಿ ಇದೆ ಅಂತಾರೆ. ನನ್ನ ಹೆಂಡ್ತಿ ಮುಂದೆ ಗೋಡೆಗೆ ಬಾಯೂ ಬರುತ್ತೆ. ಆ ಮನೇಲಿ ಮಾತಾಡೋಕೆ ಸರದಿ ಸಿಗದೇ ಇರೋನು ನಾನೊಬ್ಬನೇ,” ಎನ್ನುತ್ತಿದ್ದರು ಗಡಿಯಾರ ರಿಪೇರಿ ಮಾಡುವ ಆಕೆಯ ಗಂಡ. ಮದುವೆಯಾದ ಹೊಸದರಲ್ಲಿ ಆಕೆ ತಮ್ಮ ಬೆನ್ನನ್ನೂ ತಟ್ಟಿ ಕಿವಿಗೊಟ್ಟಿದ್ದಳೆಂದೂ, ಫಲಿತಾಂಶ ಇನ್ನೂ ಪ್ರಕಟವಾಗಿಲ್ಲವೆಂದೂ ಅವರು ಗಿರಾಕಿಗಳಿಗೆ ಹೇಳುತ್ತಿದ್ದರು.

ಈ ತಟ್ಟುವ ವಿದ್ಯೆ ಆಕೆಗೆ ಬಂದದ್ದು ಕಚೇರಿಯ ಹಳೇ ಸಾಹೇಬರಿಂದ. ಬಡಕಲು ದೇಹ, ದೊಡ್ಡ ಅಂಗೈ, ಸದಾ ನೆಲ ನೋಡುತ್ತ ನಡೆಯುವ ಅಭ್ಯಾಸ. ಕೆಲಸಕ್ಕೆ ಸೇರಿದ ಹೊಸ ಹುಡುಗಿಯನ್ನು ಕರೆದು ಅವರು ಹೇಳಿದ್ದರು: “ಮೊದಲು ಎರಡು ತಟ್ಟು, ಅದು ನಮಸ್ಕಾರ. ಆಮೇಲೆ ಸುಮ್ನೆ ಕಾಯಿ, ಅದು ಮರ್ಯಾದೆ. ಕೊನೆಗೆ ಒಂದು ತಟ್ಟು, ಅದು ಪ್ರಶ್ನೆ.” ಹತಾರ ನೆಲದ ಮೇಲೆ ಬಿದ್ದಿದ್ದರೆ ಅವರಿಗೆ ಮೈಯೆಲ್ಲ ಉರಿ. “ಹತಾರ ಏನು ಹೆಣವೇನಯ್ಯ, ಮಲಗಿಸೋಕೆ? ಒರಗಿಸಿಡು!” ಎಂದು ಗದರಿ, ಹಾರೆ ಸಲಿಕೆಗಳನ್ನು ತಾವೇ ಎತ್ತಿ ಗೋಡೆಗೆ ನೆಟ್ಟಗೆ ಒರಗಿಸಿ ಮುಂದಕ್ಕೆ ಹೋಗುತ್ತಿದ್ದರು.

ಅವರಿಗೊಂದು ಕೊರಗಿತ್ತು. “ನಾವು ನೋಡೋದೆಲ್ಲ ಮೇಲಿಂದ ಕಣಮ್ಮ. ಮನೆ ನಿಂತಿರೋದು ಕೆಳಗಡೆ. ಕೆಳಗಿಂದ ನೋಡೋಕೆ ಒಬ್ಬನನ್ನ ನೇಮಿಸಬೇಕು. ಅಂಥ ಹುದ್ದೆ ಬಂದ್ರೆ ಮೊದಲ ಅರ್ಜಿ ನಂದೇ.” ನಿವೃತ್ತರಾಗುವವರೆಗೂ ಇದನ್ನೇ ಹೇಳಿದರು. ಆಮೇಲೆ ಒಂದು ದಿನ ಮಧ್ಯಾಹ್ನ ಊಟ ಮಾಡಿ, ತಮ್ಮ ಮನೆಯಲ್ಲಿ, ತಮ್ಮ ಹಾಸಿಗೆಯಲ್ಲಿ, ಯಾರಿಗೂ ತೊಂದರೆ ಕೊಡದೆ ತೀರಿಕೊಂಡರು. ಕೆಳಗಿನ ಹುದ್ದೆ ಮಂಜೂರಾಗಲೇ ಇಲ್ಲ. ಕಚೇರಿಗೆ ಗೊತ್ತಿದ್ದ ಮಟ್ಟಿಗೆ.

ಜನರಿಗೆ ತಟ್ಟಮ್ಮನ ಬಗ್ಗೆ ಭಯವೂ ಇತ್ತು, ಹೊಟ್ಟೆಯುರಿಯೂ ಇತ್ತು. ಯಾಕೆಂದರೆ ಪ್ರತಿ ಭೇಟಿಗೂ ಕಚೇರಿಗೆ ಫೀಸು ಕಟ್ಟಬೇಕು. ಪಾಯದ ಗುಂಡಿ ತೆರೆದಿರುವಾಗ ಒಮ್ಮೆ, ಕಾಂಕ್ರೀಟ್ ಸುರಿಯುವ ಮುಂಚೆ ಕಂಬಿ ನೋಡಲು ಒಮ್ಮೆ, ಎಲ್ಲ ಮುಗಿದ ಮೇಲೆ ಕಡೆಗೊಮ್ಮೆ. “ಡಾಕ್ಟ್ರು ದುಡ್ಡು ತಗೊಂಡ್ರೆ ನಾಡಿನಾದ್ರೂ ಹಿಡೀತಾರೆ. ಈಯಮ್ಮ ಖಾಲಿ ಗುಂಡಿ ಇಣುಕೋಕೆ ತಗೋತಾಳೆ! ಗುಂಡೀಲಿ ಏನಿದೆ? ಗುಂಡಿ ಇದೆ!” ಎಂದು ಗೊಣಗದ ಮನೆಯೊಡೆಯ ಆ ಊರಲ್ಲಿ ಹುಟ್ಟಿರಲಿಲ್ಲ.

ಹೀಗೆ ಗೊಣಗಿದವರಲ್ಲಿ ಇಬ್ಬರು ಷಡ್ಡಕರಿದ್ದರು. ಅಕ್ಕನ ಗಂಡ ಬೇಕರಿಯವನು, ತಂಗಿಯ ಗಂಡ ದರ್ಜಿ. ಹಳೆಯ ಮನೆಯೊಂದನ್ನು ನಡುವೆ ಗೋಡೆ ಹಾಕಿ ಹಂಚಿಕೊಂಡಿದ್ದರು. ಹಿತ್ತಲು ಮಾತ್ರ ಒಂದೇ. ಅಕ್ಕತಂಗಿಯರ ತಾಯಿ, ಅಂದರೆ ಈ ಇಬ್ಬರ ಅತ್ತೆ, ಹಗಲು ದರ್ಜಿಯ ಹೊಲಿಗೆ ಯಂತ್ರದ ಹಿಂದೆ ಕೂರುವಳು, ಸಂಜೆಯಾದ ಮೇಲೆ ಬೇಕರಿಯ ಹಿಟ್ಟಿನ ಮೂಟೆಗಳ ಪಕ್ಕ ಮಲಗುವಳು. ಪ್ಯಾಂಟಿನ ಅಳತೆ ಕೊಡಲು ಬಂದವರು ಆಕೆಯನ್ನು ದಾಟಿಕೊಂಡು ಹೋಗಬೇಕು, ಬನ್ನು ಒಯ್ಯುವವರು ಆಕೆಯ ಕಾಲು ಸರಿಸಿ ಬರಬೇಕು. ಅಜ್ಜಿಯ ಮಂಚ ಆ ಮನೆಯ ಬಸ್‌ಸ್ಟ್ಯಾಂಡು.

“ನಂಗೇನೂ ಬೇಡ,” ಎನ್ನುತ್ತಿದ್ದಳು ಅಜ್ಜಿ. “ಒಂದು ಬಾಗ್ಲು ಬೇಕು. ಒಳಗಿಂದ ಚಿಲಕ ಇರೋ ಬಾಗ್ಲು. ನನ್ನ ನೋಡೋಕೆ ಬರೋರು ಅದನ್ನ ತಟ್ಟಬೇಕು. ನಾನು ‘ಯಾರು?’ ಅನ್ನಬೇಕು. ಹುಟ್ಟಿದಾಗಿಂದ ನಾನು ಯಾರನ್ನೂ ‘ಯಾರು’ ಅಂತ ಕೇಳಿದವಳಲ್ಲ. ಎಲ್ಲ ಹಾಗ್ಹಾಗೇ ನುಗ್ಗಿಬಿಡ್ತಾರೆ.”

ಅದಕ್ಕೇ ಹಿತ್ತಲಲ್ಲಿ, ದರ್ಜಿಯ ಹೆಸರಿನಲ್ಲಿ, ಕೋಣೆ ಏಳತೊಡಗಿತು. ಗುಂಡಿ ತೆರೆದಿದ್ದಾಗ ತಟ್ಟಮ್ಮ ಬಂದು ನೋಡಿದಳು, ಕಂಬಿ ಕಟ್ಟಿದಾಗ ಬಂದು ನೋಡಿದಳು. ಹಿಂಬದಿಯಲ್ಲಿ ಒಂದು ಟಾರ್ಪಾಲು ಹಾಸಿತ್ತು. ಏನೆಂದು ಕೇಳಿದ್ದಕ್ಕೆ ದರ್ಜಿ “ಮರಳು ಮೇಡಂ” ಎಂದಿದ್ದ.

ಕಡೆಯ ಪರೀಕ್ಷೆಗೆ ತಟ್ಟಮ್ಮ ಬಂದದ್ದು ನಡು ಮಧ್ಯಾಹ್ನ. ಬೇಕರಿಯ ಒಲೆ ಆರಿತ್ತು. ಬೀದಿಯ ನಾಯಿ ಕೂಡ ತನ್ನ ನೆರಳಿನ ಮೇಲೆಯೇ ಮಲಗಿತ್ತು. ದರ್ಜಿಯ ಹೊಸ ಕೋಣೆಯಲ್ಲಿ ಸುಣ್ಣದ ವಾಸನೆ. ಆಕೆ ಗೋಡೆ ತಟ್ಟಿದಳು, ನೆಲ ತಟ್ಟಿದಳು. ಉತ್ತರ ಗಟ್ಟಿಯಾಗಿತ್ತು. ಸುತ್ತಿಗೆ ಚೀಲಕ್ಕೆ ಹಾಕಿ, ಹಿಂದಿನ ಗೋಡೆಗೆ ಅಂಗೈಯ ಏಟು ಕೊಟ್ಟಳು. ದರ್ಜಿ ಹಲ್ಲು ಕಿರಿದ.

ಆಗ ಗೋಡೆಯ ಆಚೆಯಿಂದ ಬಂತು. ಟಕ್ ಟಕ್. ಒಂದು ಉಸಿರಿನಷ್ಟು ಬಿಡುವು. ಟಕ್.

ತಟ್ಟಮ್ಮನ ಅಂಗೈ ಗೋಡೆಯ ಮೇಲೆಯೇ ನಿಂತಿತು. ಆ ಬಿಡುವು ಆಕೆಗೆ ಗೊತ್ತಿದ್ದ ಬಿಡುವು. ಎಲ್ಲರೂ ಬಾಗಿಲು ತಟ್ಟುತ್ತಾರೆ, ಯಾರೂ ಅಷ್ಟು ಮರ್ಯಾದೆಯಿಂದ ಕಾಯುವುದಿಲ್ಲ.

“ಆ ಕಡೆ ಯಾರಿದ್ದಾರೆ?”

“ಆ ಕಡೇನಾ ಮೇಡಂ? ಆ ಕಡೆ... ನಮ್ಮ ಷಡ್ಡಕ.”

“ಅಲ್ಲಿ ನಿಂತಿದ್ದಾರಾ?”

“ಅವರು ನಿಂತಿಲ್ಲ ಮೇಡಂ. ಅವರ ರೂಮು ನಿಂತಿದೆ.”

ಹೊರಗೆ ಹೋಗಿ ಗೋಡೆ ಸುತ್ತಿ ನೋಡಿದರೆ, ಟಾರ್ಪಾಲು ಹಾಸಿದ್ದ ಜಾಗದಲ್ಲಿ ಇನ್ನೊಂದು ಕೋಣೆ, ಇನ್ನೊಂದು ಬಾಗಿಲು. ಒಂದೇ ಗುಂಡಿ ತೋರಿಸಿ ಷಡ್ಡಕರು ಅವಳಿ ಹಡೆದಿದ್ದರು.

ಮಾತಿನ ಸದ್ದು ಕೇಳಿ ಬೇಕರಿಯವನು ಓಡಿಬಂದ. ತಲೆಯಿಂದ ಕಾಲಿನವರೆಗೆ ಮೈದಾ ಮೆತ್ತಿಕೊಂಡು, ನಾಟಕದಲ್ಲಿ ಪ್ರೇತದ ಪಾತ್ರಕ್ಕೆ ಬಣ್ಣ ಹಚ್ಚಿದವನಂತಿದ್ದ. ಆದರೆ ವಾದಕ್ಕೆ ನಿಂತಾಗ ಆತನಷ್ಟು ಜೀವಂತ ಮನುಷ್ಯ ಇನ್ನೊಬ್ಬನಿರಲಿಲ್ಲ.

“ನೋಡಿ ಮೇಡಂ, ಗೋಡೆ ಒಂದೇ. ಈ ಕಡೆ ಇವನದು, ಆ ಕಡೆ ನಂದು. ಅದರ ಪಾಯ ನೀವು ನೋಡಿದ್ದೀರಿ, ಪಾಸು ಅಂದಿದ್ದೀರಿ. ಹಾಗಾದ್ರೆ ನಂದೂ ನೋಡಿದ ಹಾಗೇ ಅಲ್ವಾ? ಫೀಸು ಅರ್ಧ ಅರ್ಧ ಹಾಕ್ಕೊಂಡ್ವಿ. ಇದ್ರಲ್ಲಿ ಮೋಸ ಎಲ್ಲಿಂದ ಬಂತು?”

“ಒಂದು ಗೋಡೆ ನೋಡಿದೆ. ಉಳಿದ ಮೂರು ಗೋಡೆ?”

“ಅವೂ ಅದೇ ಜಾತಿ ಇಟ್ಟಿಗೆ ಮೇಡಂ!”

“ನಿಮ್ಮ ಷಡ್ಡಕರಿಗೆ ಹಲ್ಲುನೋವು ಬಂದ್ರೆ ನಿಮ್ಮ ಹಲ್ಲು ತೋರಿಸಿ ಬರ್ತೀರಾ?”

ದರ್ಜಿಗೆ ನಗು ತಡೆಯಲಾಗಲಿಲ್ಲ. ಬೇಕರಿಯವನು ನೋಡಿದ ನೋಟಕ್ಕೆ ಅದು ಅಲ್ಲೇ ಸತ್ತಿತು.

ತಟ್ಟಮ್ಮ ಬಾಗಿಲು ತಟ್ಟಿದಳು. ಒಳಗಿಂದ ಅಜ್ಜಿಯ ದನಿ, ಸಂತೋಷ ತುಂಬಿ ತುಳುಕುತ್ತ ಬಂತು: “ಯಾರು?”

“ಕಟ್ಟಡ ಕಚೇರಿಯವಳು ಅಮ್ಮಾ.”

“ತಾಳು, ಚಿಲಕ ತೆಗೀತೀನಿ. ನಿಧಾನ ತೆಗೀಬೇಕು, ಹೊಸದು.”

ಅಜ್ಜಿಯ ಪಾಲಿಗೆ ಬಂದದ್ದು ಬೇಕರಿಯವನ ಈ ಕೋಣೆ; ಪರೀಕ್ಷೆ ಮುಗಿಯುವ ಮುನ್ನವೇ ಆಕೆ ಸಂಸಾರ ಹೂಡಿಬಿಟ್ಟಿದ್ದಳು. ಮೂಲೆಯಲ್ಲಿ ಮಂಚ, ಗೋಡೆಗೆ ಕನ್ನಡಿ. ಕೋಣೆಯ ನಟ್ಟನಡುವೆ ಒಂದು ಕಬ್ಬಿಣದ ಟ್ರಂಕು. ಯಾರೂ ನಡುಮನೆಯಲ್ಲಿ ಟ್ರಂಕು ಇಡುವುದಿಲ್ಲ. ಅದರ ಮೇಲೆ ಮಡಚಿದ ಎರಡು ಕಂಬಳಿ, ಕಂಬಳಿಯ ಮೇಲೆ ದಿಂಬು. ಏನನ್ನೋ ಬೆಚ್ಚಗೆ ಹೊದಿಸಿ ಮಲಗಿಸಿದ ಹಾಗಿತ್ತು.

“ಇಲ್ಲೇನಾದ್ರೂ ಸದ್ದು ಕೇಳುತ್ತಾ ಅಮ್ಮ?”

“ನಂಗೆ ಕಿವಿ ಮಂದ ಮಗಳೇ.”

ಬಾಗಿಲು ತಟ್ಟಿದ ಸದ್ದಿಗೆ ಮೊದಲ ಏಟಿನಲ್ಲೇ “ಯಾರು” ಎಂದ ಕಿವಿ ಅದು. ತಟ್ಟಮ್ಮ ಮೊಣಕಾಲೂರಿ, ಟ್ರಂಕಿನ ಪಕ್ಕದ ನೆಲಕ್ಕೆ ಸುತ್ತಿಗೆ ತಾಗಿಸಿದಳು. ಟಕ್ ಟಕ್. ಕಾದಳು. ಕೋಣೆಯಲ್ಲಿ ನಾಲ್ವರಿದ್ದರು, ನಾಲ್ವರ ಉಸಿರೂ ನಿಂತಿತ್ತು. ಪ್ರಶ್ನೆಯ ಏಟು ಹಾಕಲು ಆಕೆ ಕೈಯೆತ್ತಿದಳು. ಎತ್ತಿದ ಕೈ ಗಾಳಿಯಲ್ಲಿರುವಾಗಲೇ, ಆ ಮೂರನೆಯ ಏಟು ನೆಲದ ಅಡಿಯಿಂದ ಬಂತು.

ಟಕ್.

ಬೇಕರಿಯವನ ಮುಖ ಮೈದಾಕ್ಕಿಂತ ಬಿಳುಚಿತು. “ಇಲಿ,” ಎಂದ.

“ಇಲಿಗೆ ಲೆಕ್ಕ ಬರುತ್ತಾ ಅಣ್ಣ?” ಎಂದ ದರ್ಜಿ. ಅವನಾಗಲೇ ಹೊಸ್ತಿಲ ಆಚೆಗಿದ್ದ.

ಅಜ್ಜಿ ಟ್ರಂಕಿನ ಮೇಲೆ ಕೂತು ತಟ್ಟಮ್ಮನ ಕೈ ಹಿಡಿದುಕೊಂಡಳು. “ಮಗಳೇ, ನಿಜ ಹೇಳ್ತೀನಿ. ಬಂದ ದಿನದಿಂದಲೂ ಕೇಳ್ತಿದೆ. ಮಧ್ಯಾಹ್ನ ಮಲಗಿದ್ರೆ ಸಾಕು, ತಟ್ಟುತ್ತೆ. ಯಾರೋ ಮರ್ಯಾದಸ್ಥ ಕಣೆ. ತಟ್ಟಿ ಸುಮ್ನಾಗ್ತಾನೆ. ಒಳಗೆ ನುಗ್ಗಲ್ಲ. ಈ ಮನೇಲಿ ಹಾಗೆ ಇದ್ದೋರು ಬೇರೆ ಯಾರಿದ್ದಾರೆ ಹೇಳು? ನೀನು ಸಹಿ ಹಾಕಿ ಹೋಗಿಬಿಡು. ನನ್ನ ಬಾಗ್ಲು ಕಿತ್ಕೋಬೇಡ.”

ತಟ್ಟಮ್ಮ ಅಡಕತ್ತರಿಯಲ್ಲಿ ಸಿಕ್ಕಿದಳು. ಸಹಿ ಹಾಕಿದರೆ ಎಲ್ಲರಿಗೂ ಸುಖ. ಹಾಕದಿದ್ದರೆ ಅಜ್ಜಿ ಮತ್ತೆ ಹಿಟ್ಟಿನ ಮೂಟೆಗಳ ಪಕ್ಕಕ್ಕೆ. ‘ನೆಲ ಸದ್ದು ಮಾಡಿತು’ ಎಂದು ವರದಿ ಬರೆದರೆ ಕಚೇರಿಯಲ್ಲಿ ಮೊದಲು ತನ್ನ ತಲೆಯನ್ನೇ ತಟ್ಟಿ ನೋಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಹಳೇ ಸಾಹೇಬರು ಬದುಕಿದ್ದಾಗ ಪ್ರಶ್ನೆಯ ಏಟನ್ನು ಶಿಷ್ಯೆಯ ಕೈಯಿಂದ ಕಸಿದು ತಾವೇ ಹಾಕುತ್ತಿದ್ದುದು ಒಂದೇ ಸಂದರ್ಭದಲ್ಲಿ: ಆಕೆ ಏನನ್ನೋ ನೋಡದೆ ದಾಟಿ ಹೋಗುತ್ತಿದ್ದಾಗ.

ಆಕೆ ಅಜ್ಜಿಯ ಕೈಯನ್ನು ಮೆಲ್ಲಗೆ ಬಿಡಿಸಿದಳು. “ಗುಂಡಿ ನಾನು ನೋಡಿಲ್ಲ. ನೋಡದೇ ಸಹಿ ಹಾಕಲ್ಲ. ಇಲ್ಲಿ, ಈ ಟ್ರಂಕಿನ ಕೆಳಗೆ, ಒಂದು ಗೇಣು ಒಡೆದು ತೋರಿಸಿ.”

ಕಡ್ಡಿ ಮುರಿದಂತೆ ಹೇಳಿದ್ದಳು. ಅಜ್ಜಿ ಮುಖ ತಿರುಗಿಸಿದಳು. ಟ್ರಂಕಿನಿಂದ ಎದ್ದು, ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಹೊರಟಾಗ, ಬಾಗಿಲ ಚಿಲಕವನ್ನು ಒಮ್ಮೆ ಸವರಿ ಹೋದಳು.

ಕೋಣೆ ಕಟ್ಟಿದ ಮೇಸ್ತ್ರಿಯನ್ನೇ ಕರೆಸಿದರು. ಅವನು ಹಾರೆ ಹಿಡಿದು ನಿಂತು ತಲೆ ಕೆರೆದುಕೊಂಡ. “ಅಮ್ಮಾ, ಒಂದು ಮಾತು. ಇಲ್ಲಿ ಪಾಯ ತೋಡುವಾಗ ಮರದ ಹಲಗೆ ಸಿಕ್ಕಿದ್ವು. ಹಳೇ ನೆಲ ಇರ್ಬೇಕು ಅಂದ್ಕೊಂಡೆ. ನಿಮ್ಮನ್ನ ಕರೆಸಿ ತೋರಿಸೋಣ ಅಂದೆ. ಇವರು, ‘ಕೆಳಗೆ ಹಲಗೆ ಇದ್ರೆ ಇನ್ನೂ ಗಟ್ಟಿ ಅಲ್ವೇನೋ, ಸುರಿ’ ಅಂದ್ರು.”

“ನಾನು ತಮಾಷೆಗೆ ಅಂದಿದ್ದು!” ಎಂದ ಬೇಕರಿಯವನು.

“ನಾನು ನಿಜವಾಗ್ಲೂ ಸುರಿದುಬಿಟ್ಟೆ ಸ್ವಾಮಿ.”

ಹಾರೆ ಏಳೆಂಟು ಸಲ ಬಿದ್ದಿತು. ಕಾಂಕ್ರೀಟ್ ಬಿರಿಯಿತು. ಕೆಳಗೆ ಕೊಳೆತ ಹಲಗೆ ಕಪ್ಪಗೆ ಕಂಡಿತು. ಮೇಸ್ತ್ರಿ ಇನ್ನೊಮ್ಮೆ ಹಾರೆ ಎತ್ತಿ ಇಳಿಸಿದ. ಹಾರೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು, ಅವನ ಕೈಯಿಂದ ಜಾರಿತು, ಮಾಯವಾಯಿತು. ಅವನು ಖಾಲಿ ಮುಷ್ಟಿಗಳನ್ನು ಹಿಡಿದುಕೊಂಡು, ಮೈಬಗ್ಗಿಸಿ, ಹಾಗೇ ನಿಂತ.

ಎಲ್ಲರೂ ಹಾರೆ ಬೀಳುವ ಸದ್ದಿಗೆ ಕಾದರು. ಕಾದೇ ಕಾದರು. ಸದ್ದು ಬರಲಿಲ್ಲ.

ತೂತಿನಿಂದ ತಣ್ಣನೆಯ ಗಾಳಿ ಮೇಲೆ ಬಂತು. ಹಳೆಯ ಪೆಟ್ಟಿಗೆ ತೆರೆದಾಗ ಬರುವಂಥ ವಾಸನೆ. ತಟ್ಟಮ್ಮ ಟಾರ್ಚನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಹೊಟ್ಟೆಯ ಮೇಲೆ ಮಲಗಿ ಇಣುಕಿದಳು.

ಬಾವಿ. ಎಂದೋ ಯಾರೋ ಬಾಯಿಗೆ ಹಲಗೆ ಹೊದಿಸಿ, ಮಣ್ಣು ಎಳೆದು, ಮರೆತುಬಿಟ್ಟ ಬಾವಿ. ಅಜ್ಜಿಯ ಮಂಚ, ಕನ್ನಡಿ, ಟ್ರಂಕು, ಅಜ್ಜಿಯ ಮಧ್ಯಾಹ್ನದ ನಿದ್ದೆ ಎಲ್ಲವೂ ನಾಲ್ಕು ಕೊಳೆತ ಹಲಗೆಗಳ ಮೇಲೆ ನಿಂತಿದ್ದವು. ಬಾವಿ ಒಣಗಿತ್ತು. ಬೆಳಕು ತಳ ಮುಟ್ಟಿದಾಗ ಗುಡಿಸಿಟ್ಟಂಥ ನೆಲ ಕಂಡಿತು. ತೇಲಿ ಬಡಿಯಲು ಕೊಡವಿಲ್ಲ, ಓಡಾಡಲು ಇಲಿಯಿಲ್ಲ, ತೊಟ್ಟಿಕ್ಕಲು ಹನಿ ನೀರಿಲ್ಲ. ತಟ್ಟುವಂಥದ್ದು ಏನೇನೂ ಇರಲಿಲ್ಲ.

ಟಾರ್ಚು ಹಗ್ಗದ ತುದಿಯಲ್ಲಿ ನಿಧಾನಕ್ಕೆ ತಿರುಗಿತು. ಬೆಳಕು ಬಾವಿಯ ಗೋಡೆಯನ್ನು ಸುತ್ತಿ ಬಂದು ಹಾರೆಯ ಮೇಲೆ ನಿಂತಿತು.

ಹಾರೆ ಮಲಗಿರಲಿಲ್ಲ. ಗೋಡೆಗೆ ನೆಟ್ಟಗೆ ಒರಗಿತ್ತು. ಕೆಲಸ ಮುಗಿಸಿದವರು ಜೋಪಾನವಾಗಿ ಇಟ್ಟು ಹೋದ ಹಾಗೆ.

“ಏನ್ ಕಾಣ್ತಿದೆ ಮೇಡಂ?” ಎಂದ ದರ್ಜಿ ಹಿತ್ತಲಿನಿಂದ.

ತಟ್ಟಮ್ಮ ಟಾರ್ಚಿನ ಹಗ್ಗವನ್ನು ಮೇಸ್ತ್ರಿಯ ಕೈಗೆ ಕೊಟ್ಟಳು. ಆಮೇಲೆ ಎದ್ದು, ಸೀರೆಯ ಧೂಳು ಕೊಡವಿ, “ಬಾವಿ,” ಎಂದಳು. ಉಳಿದದ್ದನ್ನು ಹೇಳಲಿಲ್ಲ. ಮೇಸ್ತ್ರಿ ಇಣುಕಿ ನೋಡಿದ. ಆಮೇಲೆ ಅವನು ಆ ಹಾರೆ ಬೇಡವೇ ಬೇಡ ಎಂದ. ಯಾರು ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಕಥೆಯಾಯಿತು. ಅರ್ಧ ಫೀಸು ಉಳಿಸಲು ಹೋದ ಬೇಕರಿಯವನು ನೆಲ ಒಡೆಸಿದ, ಬಾವಿಗೆ ಲೋಡುಗಟ್ಟಲೆ ಕಲ್ಲುಮಣ್ಣು ತುಂಬಿಸಿದ, ಬಾಯಿಯ ಮೇಲೆ ಹೊಸದಾಗಿ ಕಂಬಿ ಕಟ್ಟಿಸಿ ಕಾಂಕ್ರೀಟ್ ಹಾಕಿಸಿದ, ಪ್ರತಿ ಹಂತಕ್ಕೂ ಪೂರ್ತಿ ಫೀಸು ಕಟ್ಟಿ ತಟ್ಟಮ್ಮನನ್ನು ತಾನೇ ಕರೆತಂದ. ಬನ್ನುಗಳು ಬರುಬರುತ್ತ ಚಿಕ್ಕವಾದವು. “ಬಾವಿ ತುಂಬ್ತಿದೆ, ಬನ್ನು ಬತ್ತಿದೆ,” ಎಂದು ಗಿರಾಕಿಗಳು ಆಡಿಕೊಂಡರು. ಅವನು ಈಗ ತೆರೆದ ಗುಂಡಿ ಕಂಡರೆ ಅದು ಯಾರದೇ ಆಗಿರಲಿ, “ತಟ್ಟಮ್ಮನಿಗೆ ತೋರ್ಸಿದ್ರಾ?” ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ. ಹೊಸದಾಗಿ ಭಕ್ತನಾದವನ ಕಾಟ ದೇವರೂ ತಡೆಯಲಾರ.

ಅಷ್ಟು ದಿನವೂ ಅಜ್ಜಿ ಮತ್ತೆ ಹಿಟ್ಟಿನ ಮೂಟೆಗಳ ಪಕ್ಕದಲ್ಲಿದ್ದಳು. ತಟ್ಟಮ್ಮ ಬಂದರೆ ಗೋಡೆಯ ಕಡೆ ತಿರುಗಿ ಮಲಗುವಳು. “ಜೀವ ಉಳಿಸಿದಾರೆ ಅತ್ತೆ, ಒಂದು ಮಾತಾಡ್ಸಿ,” ಎಂದು ಅಳಿಯ ಹೇಳಿದರೆ, “ಜೀವ ಬಸ್‌ಸ್ಟ್ಯಾಂಡಲ್ಲೂ ಇರುತ್ತೆ. ಬಾಗ್ಲು ಎಲ್ಲಿ?” ಎನ್ನುವಳು.

ಕಡೆಯ ಪರೀಕ್ಷೆಯ ದಿನವೂ ಮಧ್ಯಾಹ್ನವೇ. ಕೋಣೆಯ ನಡುವೆ ಈ ಸಲ ಟ್ರಂಕಿರಲಿಲ್ಲ. ತಟ್ಟಮ್ಮ ಮೊಣಕಾಲೂರಿ ನಮಸ್ಕಾರದ ಎರಡು ಏಟು ಹಾಕಿದಳು. ಕಾದಳು. ಕೈಯೆತ್ತಿ ಸ್ವಲ್ಪ ಹೆಚ್ಚೇ ಕಾದಳು, ಬೇರೆಯವರಿಗೆ ಸರದಿ ಬಿಟ್ಟುಕೊಡುವವಳಂತೆ. ಕೆಳಗೆ ಬರೀ ಮೌನ. ತುಂಬಿದ, ಗಟ್ಟಿಯಾದ, ಒಳ್ಳೆಯ ನೆಲದ ಮೌನ. ಪ್ರಶ್ನೆಯ ಏಟನ್ನು ತಾನೇ ಹಾಕಿದಳು. ಉತ್ತರ ಕಲ್ಲಿನಂತಿತ್ತು.

ಆದರೂ ಅಂಗೈಯ ಏಟು ಕೊಡಲು ಆಕೆಗೆ ಕೈ ಬರಲಿಲ್ಲ. ಸಹಿ ಹಾಕಿ ಎದ್ದಳು.

“ಮುಗೀತಾ?” ಎಂದಳು ಅಜ್ಜಿ. ಎಷ್ಟೋ ವಾರಗಳ ನಂತರ ಆಡಿದ ಮೊದಲ ಮಾತು. “ಮುಗೀತಂದ್ರೆ ಎಲ್ರೂ ಹೊರಗೆ. ಎಲ್ರೂ! ಅಳಿಯಂದ್ರೇ, ನಿಮಗೂ ಹೇಳಿದ್ದು.”

ಮೂವರನ್ನೂ ಹೊಸ್ತಿಲು ದಾಟಿಸಿ ಬಾಗಿಲು ಹಾಕಿದಳು. ಚಿಲಕ ನಿಧಾನವಾಗಿ, ಸವಿಯುತ್ತ, ಬಿದ್ದಿತು. ಹಿತ್ತಲಲ್ಲಿ ಮೂವರು ನಿಂತಿದ್ದರು. ಗಾಳಿ ಇರಲಿಲ್ಲ.

ಆಗ ಒಳಗೆ, ನೆಲದ ಆಳದಲ್ಲಿ, ಒಂದು ಸದ್ದಾಯಿತು. ಸುತ್ತಿಗೆಯದಲ್ಲ. ಮೆತ್ತಗೆ, ಅಗಲವಾಗಿ, ಒಂದೇ ಒಂದು. ದೊಡ್ಡ ಅಂಗೈಯೊಂದು ಕರುವಿನ ಬೆನ್ನು ಚಪ್ಪರಿಸಿದ ಹಾಗೆ.

ಬೇಕರಿಯವನು ದರ್ಜಿಯ ತೋಳು ಹಿಡಿದ. “ಮೇಡಂ... ಬಾವಿ ತುಂಬಿಸಿದ್ವಲ್ಲ? ಏನದು?”

“ಪಾಸು,” ಎಂದಳು ತಟ್ಟಮ್ಮ. ಆಕೆಯ ಕೈಯ ಕೂದಲೆಲ್ಲ ನೆಟ್ಟಗೆ ನಿಂತಿದ್ದವು.

ಬಾಗಿಲ ಹಿಂದೆ ಮಂಚ ಕಿರುಗುಟ್ಟಿತು. ಅಜ್ಜಿಯ ದನಿ ಕೇಳಿಸಿತು. ಹೊರಗಿನವರಿಗೆ ಹೇಳಿದ ಮಾತಾಗಿರಲಿಲ್ಲ ಅದು. ಮನೆಗೆ ಬಂದ ಸಭ್ಯಸ್ಥರೊಬ್ಬರನ್ನು ಮಾತಾಡಿಸುವ ಗತ್ತಿತ್ತು.

“ಯಾರು? ಓ, ನೀವಾ. ತಟ್ಟಿದ್ದಕ್ಕೆ ಸಂತೋಷ. ನಾನೀಗ ಮಲಗೋ ಹೊತ್ತು. ಎದ್ದ ಮೇಲೆ ಬನ್ನಿ.”

ತಟ್ಟಮ್ಮ ಗೇಟಿನವರೆಗೆ ಹೋದಳು. ಯಾರ ತಲೆಯ ಮೇಲೋ ಕಾಲಿಡುತ್ತಿದ್ದೇನೆಂಬಂತೆ, ತುದಿಗಾಲಿನಲ್ಲಿ ಹೋದಳು.